ಮುಟ್ಟದೆ ಮಾಡುವ ಸೇವೆ

ಹೋದ ತಿಂಗಳು ಒಂದು ಸಂಜೆ ಅಕ್ಕಿ ಕೇರುತ್ತ ಕೂತಿದ್ದೆ. ಬೆಂಗಳೂರಿನಿಂದ ಅಣ್ಣನ ಮಗಳ ಫೋನು. ‘ಅತ್ತೆ, ಈ ಸಲ ರಜೆಗೆ ಬ್ಲಫ್‌ಗೆ ಬರಲ್ಲ. ಬೋರ್ನಿಯೋಕ್ಕೆ ಹೋಗ್ತೀನಿ. ಎರಡು ವಾರ ಕಾಡಲ್ಲಿದ್ದು ಒರಾಂಗುಟಾನ್ ಮರಿಗಳ ಸೇವೆ ಮಾಡೋ ಟೂರು’ ಎಂದಳು. ವಿಮಾನದ ಖರ್ಚೂ ಸೇರಿಸಿ ಅವಳು ಹೇಳಿದ ಮೊತ್ತ ಕೇಳಿ ಮೊರ ಕೆಳಗಿಟ್ಟೆ. ದುಡ್ಡು ಕೊಟ್ಟು ಹೋಗಿ ಕೂಲಿ ಮಾಡಿ ಬರುವುದನ್ನು ಈಗಿನವರು ಪ್ರವಾಸ ಎನ್ನುತ್ತಾರೆ. ನಗಬೇಕೆನ್ನಿಸಿತು, ಆದರೆ ನಗಲಿಲ್ಲ. ಇಪ್ಪತ್ತೈದು ವರ್ಷಕ್ಕೂ ಹಿಂದೆ ನಾನೂ ಅಂಥದೇ ಒಂದು ಪ್ರವಾಸ ಮಾಡಿದ್ದೆ. ಹೋಗಿದ್ದು ಬೋರ್ನಿಯೋಕ್ಕಲ್ಲ, ಪಕ್ಕದ ಮದ್ದೂರು ತಾಲ್ಲೂಕಿಗೆ.

ಮೊದಲು ನಮ್ಮೂರು ಹೇಳಿಬಿಡುತ್ತೇನೆ. ಕಾವೇರಿ ಶಿವನಸಮುದ್ರದಲ್ಲಿ ಧುಮುಕುವ ಕಡೆ, ಮಳವಳ್ಳಿ ತಾಲ್ಲೂಕಿನ ದಡದಲ್ಲಿ, ಕಣಿವೆಯ ಅಂಚಿಗೆ ನಮ್ಮ ಬ್ಲಫ್ ಇದೆ. ಕಡಿದಾದ ದಿಬ್ಬಕ್ಕೆ ಇಂಗ್ಲಿಷಿನವರು ಹೇಳುವ ಮಾತೇ ಊರಿಗೆ ಅಂಟಿಕೊಂಡಿತು ಎಂದು ಅಪ್ಪ ಹೇಳುತ್ತಿದ್ದರು. 1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಅಪ್ಪ ಆ ಪವರ್‌ಹೌಸಿನಲ್ಲೇ ಕೆಲಸ ಮಾಡಿ ನಿವೃತ್ತರಾದವರು. ನಾನು ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟೆ. ನಮ್ಮೂರ ಹತ್ತಿರ ಬಂದು ಕಾವೇರಿಗೆ ಸೇರುತ್ತದಲ್ಲ ಶಿಂಷಾ ಹೊಳೆ, ಅದೇ ಹೊಳೆಯ ಮೇಲ್ಗಡೆ ಕೊಕ್ಕರೆ ಬೆಳ್ಳೂರು.

ಎಂಟನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಮಳವಳ್ಳಿಯ ಮೇಲೆ ಮದ್ದೂರಿಗೆ ಹೋಗಿ, ಅಲ್ಲಿ ವಡೆ ತಿಂದು, ಮತ್ತೊಂದು ಬಸ್ಸು ಹಿಡಿದು ಆ ಊರಿಗೆ ಇಳಿದಾಗ ಮೊದಲು ಎದುರಾದದ್ದು ವಾಸನೆ. ಹಸಿ ಮೀನಿನ ವಾಸನೆ. ತಲೆಯೆತ್ತಿದರೆ ಮನೆಗಳ ನಡುವಿನ ಹುಣಸೆ ಮರ, ಅರಳಿ ಮರಗಳ ತುಂಬ ಗೂಡು. ಒಂದೊಂದು ಗೂಡಿನಲ್ಲೂ ಅಗಸರ ಚೀಲದಷ್ಟು ದೊಡ್ಡ ಗಂಟಲಿನ ಹಕ್ಕಿ. ಕೆಳಗೆ ಅಜ್ಜಿಯೊಬ್ಬರು ಹಸುವಿಗೆ ಹುಲ್ಲು ಹಾಕುತ್ತಿದ್ದರು. ತಲೆ ಮೇಲೆ ಹಿಕ್ಕೆ ಬಿದ್ದರೆ ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಹುಲ್ಲು ಹಾಕುತ್ತಿದ್ದರು.

ಗಂಟಲುಚೀಲದ ಆ ಹಕ್ಕಿಯೇ ಹೆಜ್ಜಾರ್ಲೆ. ಅದರ ಜೊತೆಗೆ ಬಣ್ಣದ ಕೊಕ್ಕರೆಯೂ ಇಲ್ಲಿ ಗೂಡು ಕಟ್ಟುತ್ತದೆ. ಚಳಿಗಾಲದ ಹೊತ್ತಿಗೆ ಬಂದು, ಮರಿ ಮಾಡಿ, ಮುಂಗಾರಿನ ಹೊತ್ತಿಗೆ ಹೊರಟುಬಿಡುತ್ತವೆ. ‘ಹೆಣ್ಮಕ್ಕಳು ತವರಿಗೆ ಬಾಣಂತನಕ್ಕೆ ಬರಕಿಲ್ವಾ, ಹಂಗೆ’ ಎಂದು ಊರವರು ಹೇಳುತ್ತಾರೆ. ಕಳೆದ ಶತಮಾನದ ಮೊದಲಲ್ಲಿ ಪ್ಲೇಗು ಬಂದು ಜನ ಶಿಂಷಾ ದಡದ ಹಳೆ ಊರು ಬಿಟ್ಟು ಈಗಿರುವ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವಂತೆ. ಹಿರಿಯರು ಇದನ್ನು ನೆಂಟರ ಸುದ್ದಿ ಹೇಳುವ ಹಾಗೆ ಹೇಳುತ್ತಾರೆ.

ಹೊರಗಿನ ಜಗತ್ತಿಗೆ ಈ ಊರು ತಿಳಿದದ್ದು ತಡವಾಗಿ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಇಲ್ಲಿಗೆ ಬಂದು, ಹೆಜ್ಜಾರ್ಲೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಜನರ ನಡುವೆಯೇ ಮರಿ ಮಾಡುವುದನ್ನು ಕಂಡು ಬರೆದರು. ಮುಂದೆ ಬೆಂಗಳೂರಿನ ಬೀದಿಗಳಲ್ಲಿ ಲಕ್ಷಗಟ್ಟಲೆ ಗಿಡ ನೆಡಿಸಿದವರೂ ಇವರೇ. 1994ರಿಂದ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಎಂಬ ತಂಡ, ಅದರಲ್ಲೂ ಕೆ. ಮನು, ಊರಿನಲ್ಲೇ ಕಾಲೂರಿ ಕೆಲಸ ಶುರುಮಾಡಿದರು. ಊರ ಹುಡುಗರು ಕೂಡಿಕೊಂಡು ‘ಹೆಜ್ಜಾರ್ಲೆ ಬಳಗ’ ಆಯಿತು. ನಾವು ಹೋದದ್ದು ಆ ದಿನಗಳಲ್ಲಿ.

ಬಳಗದ ಕೆಲಸ ಕೇಳಿದರೆ ಸಣ್ಣದು, ಮಾಡಿದರೆ ಬೆನ್ನು ಮುರಿಯುತ್ತದೆ. ಹೆಜ್ಜಾರ್ಲೆ ಸಾಮಾನ್ಯವಾಗಿ ಮೂರು ಮೊಟ್ಟೆ ಇಡುತ್ತದೆ. ತಿಂಗಳಿಗೆ ಮರಿ ಹೊರಬರುತ್ತದೆ, ಮೈಮೇಲೆ ಒಂದು ತುಪ್ಪುಳವೂ ಇರುವುದಿಲ್ಲ. ತಾಯಿಯ ಗಂಟಲೊಳಗೆ ತಲೆ ತೂರಿಸಿ ಅರೆದ ಮೀನು ತಿಂದು ಬೆಳೆಯುತ್ತದೆ. ಗೂಡು ಬಿಟ್ಟು ಹಾರಲು ಮೂರರಿಂದ ಐದು ತಿಂಗಳು ಬೇಕು. ಅಷ್ಟರೊಳಗೆ ಗಾಳಿಗೋ, ಒಡಹುಟ್ಟಿದವುಗಳ ತಳ್ಳಾಟಕ್ಕೋ ಕೆಳಗೆ ಬಿದ್ದರೆ ಕಥೆ ಮುಗಿಯಿತು. ಬಿದ್ದ ಮರಿಯನ್ನು ತಾಯಿ ನೆಲಕ್ಕಿಳಿದು ಸಾಕುವುದಿಲ್ಲ, ನಾಯಿ ಕಾದಿರುತ್ತದೆ. ಅದಕ್ಕೇ ಮರದ ಕೆಳಗೆ ಬಲೆ ಕಟ್ಟುತ್ತಿದ್ದರು. ಬಲೆಗೆ ಬಿದ್ದ ಮರಿಗಳನ್ನು ಬೇಲಿ ಹಾಕಿದ ಆವರಣದಲ್ಲಿಟ್ಟು, ಮೀನು ಹಾಕಿ, ರೆಕ್ಕೆ ಬಲಿತ ಮೇಲೆ ಹಾರಲು ಬಿಡುತ್ತಿದ್ದರು. ಒರಾಂಗುಟಾನ್ ಕೇಂದ್ರಗಳು ಕೋಟಿಗಟ್ಟಲೆ ಖರ್ಚಿನಲ್ಲಿ ಮಾಡುವುದೂ ಇದನ್ನೇ: ತಾಯಿ ಕಳೆದುಕೊಂಡ ಮರಿಯನ್ನು ಮತ್ತೆ ಕಾಡಿನ ಪಾಲು ಮಾಡುವುದು.

ನನ್ನ ಮಕ್ಕಳಿಗೆ ಗೂಡು ಎಣಿಸುವ, ಆವರಣ ತೊಳೆಯುವ ಕೆಲಸ ಸಿಕ್ಕಿತು. ನಾನು ಮೇಷ್ಟ್ರಮ್ಮ, ಸುಮ್ಮನಿರಲಾರೆ. ಬುಟ್ಟಿಯಿಂದ ಮೀನೊಂದನ್ನು ಎತ್ತಿ ಒಂದು ಮರಿಯ ಬಾಯಿಗೇ ಹಿಡಿದೆ. ಗಬಕ್ಕನೆ ನುಂಗಿತು. ಮಕ್ಕಳು ಚಪ್ಪಾಳೆ ಹೊಡೆದರು. ಇನ್ನೊಂದು ಎತ್ತುವಷ್ಟರಲ್ಲಿ ಬಳಗದ ಹುಡುಗನೊಬ್ಬ, ಹದಿನೆಂಟು ಇಪ್ಪತ್ತರವನು, ಬುಟ್ಟಿಯನ್ನು ಮೆಲ್ಲಗೆ ಎಳೆದುಕೊಂಡ. ‘ಮೇಡಂ, ನಿಮ್ ಕೈ ಕಂಡ್ರೆ ಬಾಯ್ ಬುಡೋದು ಕಲಿತ್ರೆ, ಕೆರೇಲಿ ಮೀನು ಹಿಡಿಯೋದು ಯಾರು ಕಲಿಸ್ತಾರೆ?’ ಎಂದ. ಆಮೇಲೆ ಮೀನನ್ನು ನೀರಿನ ತೊಟ್ಟಿಗೆ ಸುರಿದು ಹಿಂದೆ ಸರಿದು ನಿಂತ. ಮರಿ ನನ್ನ ಕೈಯನ್ನೇ ನೋಡುತ್ತಿತ್ತು. ನಾನು ಕೈ ಸೆರಗಿನೊಳಗೆ ಮುಚ್ಚಿಕೊಂಡೆ. ಸ್ವಲ್ಪ ಹೊತ್ತಿಗೆ ಅದು ತೊಟ್ಟಿಯ ಕಡೆ ತಿರುಗಿತು.

ಅಣ್ಣನ ಮಗಳಿಗೆ ಹೇಳಬೇಕಾದದ್ದು ಇದೊಂದೇ. ಆದರೆ ಬೋರ್ನಿಯೋದಲ್ಲಿ ಇದೇ ಪಾಠಕ್ಕೆ ತೆತ್ತ ಬೆಲೆ ದೊಡ್ಡದು.

ಮಲಯ ಭಾಷೆಯಲ್ಲಿ ‘ಒರಾಂಗ್’ ಅಂದರೆ ಮನುಷ್ಯ, ‘ಹುತಾನ್’ ಅಂದರೆ ಕಾಡು. ಕಾಡುಮನುಷ್ಯ. ಬೋರ್ನಿಯೋ ಮತ್ತು ಸುಮಾತ್ರಾ ದ್ವೀಪಗಳಲ್ಲಿ ಬಿಟ್ಟರೆ ಇದು ಬೇರೆಲ್ಲೂ ಕಾಡಿನಲ್ಲಿಲ್ಲ. ಇರುವ ಮೂರು ಜಾತಿಗಳಲ್ಲಿ ಮೂರನೆಯದನ್ನು ವಿಜ್ಞಾನಿಗಳು ಗುರುತಿಸಿ ಹೆಸರಿಟ್ಟದ್ದೇ 2017ರಲ್ಲಿ. ಸುಮಾತ್ರಾದ ತಪಾನುಲಿ ಬೆಟ್ಟಗಳ ಆ ಜಾತಿಯಲ್ಲಿ ಉಳಿದಿರುವುದು 800ಕ್ಕೂ ಕಡಿಮೆ. ಮೂರೂ ಅಳಿವಿನ ಅಂಚಿನಲ್ಲಿವೆ. 1999ರಿಂದ 2015ರವರೆಗಿನ 16 ವರ್ಷಗಳಲ್ಲಿ ಬೋರ್ನಿಯೋ ಒಂದರಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಒರಾಂಗುಟಾನ್‌ಗಳು ಇಲ್ಲವಾದವು. ಹೋದದ್ದನ್ನು ಬೇಗ ತುಂಬಿಕೊಳ್ಳುವ ಪ್ರಾಣಿಯೂ ಅಲ್ಲ ಅದು. ಒಂದು ಹೆರಿಗೆಗೂ ಇನ್ನೊಂದಕ್ಕೂ ಏಳೆಂಟು ವರ್ಷದ ಅಂತರ. ಅಷ್ಟೂ ವರ್ಷ ಮರಿ ತಾಯಿಯ ಜೊತೆಗಿದ್ದು ಯಾವ ಹಣ್ಣು ಯಾವಾಗ, ರಾತ್ರಿ ಮಲಗಲು ಕೊಂಬೆ ಬಗ್ಗಿಸಿ ಹಾಸಿಗೆ ಮಾಡುವುದು ಹೇಗೆ ಎಂದು ಕಲಿಯುತ್ತದೆ. ಮರಿ ಕದಿಯುವವರು ಸಾಮಾನ್ಯವಾಗಿ ತಾಯಿಯನ್ನು ಕೊಂದೇ ಕದಿಯುತ್ತಾರೆ. ಅನಾಥ ಮರಿ ಅಂದರೆ ಶಾಲೆಯೇ ಸುಟ್ಟುಹೋದ ಮಗು.

ಅಂಥ ಮರಿಗಳಿಗಾಗಿ ಮಲೇಷ್ಯಾದ ಸಬಾ ರಾಜ್ಯದ ಸೆಪಿಲೋಕ್‌ನಲ್ಲಿ 1964ರಲ್ಲೇ ಕೇಂದ್ರ ತೆರೆದರು. ಇಂಡೊನೇಷ್ಯಾದ ತಂಜುಂಗ್ ಪುತಿಂಗ್‌ಗೆ 1971ರಲ್ಲಿ ಬಿರುಟೆ ಗಾಲ್ಡಿಕಸ್ ಹೋಗಿ ದಶಕಗಟ್ಟಲೆ ಅಲ್ಲೇ ಉಳಿದರು. ಆ ಮೊದಲ ಕಾಲದಲ್ಲಿ ಮರಿಯನ್ನು ಸೊಂಟಕ್ಕೆ ಕಟ್ಟಿಕೊಂಡು ತಿರುಗುವುದೇ ಸೇವೆಯಾಗಿತ್ತು. ಸುಮಾತ್ರಾದ ಬುಕಿತ್ ಲಾವಾಂಗ್‌ನಲ್ಲಿ 1973ರಲ್ಲಿ ಶುರುವಾದ ಕೇಂದ್ರಕ್ಕೆ ಪ್ರವಾಸಿಗಳು ಸಾಲುಗಟ್ಟಿದರು, ಹಣ್ಣು ಕೊಟ್ಟರು, ಫೋಟೊ ತೆಗೆಸಿಕೊಂಡರು. ಕಾಡಿಗೆ ಬಿಟ್ಟ ಒರಾಂಗುಟಾನ್‌ಗಳು ಹಣ್ಣಿನ ಚೀಲಕ್ಕಾಗಿ ದಾರಿಗೆ ಅಡ್ಡ ಬರುವುದನ್ನು ಕಲಿತವು. ನಮ್ಮ ಮುತ್ತತ್ತಿಯ ಕೋತಿಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದಕ್ಕಿಂತ ಕೆಟ್ಟದ್ದು ಕಾಯಿಲೆ. ಅವುಗಳ ಮತ್ತು ನಮ್ಮ ಡಿಎನ್‌ಎ ಶೇ. 97ರಷ್ಟು ಒಂದೇ. ನಮಗೆ ಬರುವ ನೆಗಡಿ, ಕೆಮ್ಮು, ಕ್ಷಯ ಅವಕ್ಕೂ ಬರುತ್ತವೆ, ನಮಗೆ ಎರಡು ದಿನದ ಸೀನು ಅವಕ್ಕೆ ಸಾವಾಗಬಹುದು. ಆದ್ದರಿಂದಲೇ ಈಗ ನೆಟ್ಟಗಿರುವ ಕೇಂದ್ರಗಳು ಪ್ರವಾಸಿಯನ್ನು ಮರಿಯ ಹತ್ತಿರ ಬಿಡುವುದಿಲ್ಲ. ದೂರ ನಿಂತು ನೋಡಬೇಕು. ಸ್ವಯಂಸೇವಕರಿಗೆ ಸಿಗುವುದು ದಾರಿ ಸವರುವ, ಆವರಣ ಕಟ್ಟುವ, ಸಸಿ ನೆಡುವ ಕೆಲಸ.

ಅಣ್ಣನ ಮಗಳು ಇದನ್ನು ಕೇಳಿ ದನಿ ಸಣ್ಣಗೆ ಮಾಡಿಕೊಂಡಳು. ‘ಹಾಗಾದ್ರೆ ಅಷ್ಟು ದೂರ ಹೋಗಿ ಏನು ಮಾಡಿದ ಹಾಗಾಯ್ತು?’ ಎಂದಳು. ಪ್ರಶ್ನೆ ಸರಿಯಾಗಿದೆ. ಸೇವೆಯ ತಿರುಳು ಮರಿಯಲ್ಲಿಲ್ಲ, ಮರದಲ್ಲಿದೆ.

ಬೆಳ್ಳೂರಿನ ಲೆಕ್ಕ ನೋಡಿ. ಅಲ್ಲಿ ಹುಣಸೆ ಬಡಿಯುವ ಕಾಲವೂ ಮರಿ ಬೆಳೆಯುವ ಕಾಲವೂ ಒಂದೇ. ಕೋಲು ಹಿಡಿದು ಮರ ಬಡಿದರೆ ಗೂಡು ಉಳಿಯುವುದಿಲ್ಲ, ಬಡಿಯದಿದ್ದರೆ ಮನೆಯ ವರಮಾನ ಹೋಗುತ್ತದೆ. ಹಕ್ಕಿಗಾಗಿ ಹಣ್ಣು ಬಿಟ್ಟ ಮರದ ಯಜಮಾನನಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಟು ಬಂದದ್ದು ಇದಕ್ಕೇ. ಊರವರ ಜಾಣತನವೂ ಇದೆ: ಮರದಡಿ ಗುಂಡಿ ತೋಡಿ ಕೆರೆಗೋಡು ತುಂಬಿ, ಅದರ ಮೇಲೆ ಬೀಳುವ ಹಿಕ್ಕೆಯನ್ನು ಗೊಬ್ಬರ ಮಾಡಿ ಹೊಲಕ್ಕೆ ಹಾಕುತ್ತಿದ್ದರು. 2002ರ ತಿದ್ದುಪಡಿಯಿಂದ ವನ್ಯಜೀವಿ ಕಾಯ್ದೆಯಲ್ಲಿ ‘ಸಮುದಾಯ ಮೀಸಲು’ ಎಂಬ ಹೊಸ ಬಗೆ ಸೇರಿತು. 2007ರಲ್ಲಿ ಕೊಕ್ಕರೆ ಬೆಳ್ಳೂರಿಗೆ ಆ ಹೆಸರು ಬಂತು. ರಂಗನತಿಟ್ಟು 1940ರಿಂದ ಪಕ್ಷಿಧಾಮ, ಅಲ್ಲಿ ಕಾವಲು ಸರ್ಕಾರದ್ದು. ಬೆಳ್ಳೂರಿನಲ್ಲಿ ಕಾವಲು ಹುಲ್ಲು ಹಾಕುತ್ತಿದ್ದ ಆ ಅಜ್ಜಿಯದು.

ಆದರೂ ಊರು ಒಂದೇ ಎಲ್ಲ ಮಾಡಲಾರದು. 2017ರ ಡಿಸೆಂಬರಿನಿಂದ ಕೆಲವು ತಿಂಗಳು ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತುಬಿದ್ದವು. ಪರೀಕ್ಷೆ ಮಾಡಿದರೆ ಹೊಟ್ಟೆಯಲ್ಲಿ ದುಂಡುಹುಳು. ಹುಳು ಬರುವುದು ಮೀನಿನಿಂದ, ಮೀನು ಬರುವುದು ಸುತ್ತಲಿನ ಕೆರೆಗಳಿಂದ. ಮರದ ಕೆಳಗೆ ಎಷ್ಟು ಬಲೆ ಕಟ್ಟಿದರೂ ಕೆಟ್ಟ ಕೆರೆ ಸರಿಹೋಗುವುದಿಲ್ಲ. ಅಗಲ ರೆಕ್ಕೆಯ ಹಕ್ಕಿಗೆ ತೆರೆದ ವಿದ್ಯುತ್ ತಂತಿಯೂ ಯಮನೇ. ಪವರ್‌ಹೌಸಿನ ಸಂಬಳದಲ್ಲಿ ಬೆಳೆದ ನಾನು ಇದನ್ನು ಬರೆಯುವಾಗ ಸ್ವಲ್ಪ ತಡವರಿಸುತ್ತೇನೆ.

ಒರಾಂಗುಟಾನ್ ಕೇಂದ್ರದ ಕಥೆಯೂ ಬೇರೆಯಲ್ಲ. ಕಾಡು ಕಡಿದು ತಾಳೆ ತೋಟ ಮಾಡುತ್ತಿರುವವರೆಗೆ ಅನಾಥ ಮರಿಗಳು ಬರುತ್ತಲೇ ಇರುತ್ತವೆ. ಆ ತಾಳೆ ಎಣ್ಣೆಯನ್ನು ಜಗತ್ತಿನಲ್ಲಿ ಅತಿ ಹೆಚ್ಚು ತರಿಸಿಕೊಳ್ಳುವ ದೇಶ ನಮ್ಮದು, ತರಿಸುವುದು ಬಹುಪಾಲು ಇಂಡೊನೇಷ್ಯಾ, ಮಲೇಷ್ಯಾಗಳಿಂದ. ನಮ್ಮೂರ ಗಗನಚುಕ್ಕಿ ಜಲಪಾತ ನೋಡಲು ಬಂದವರು ತಿನ್ನುವ ಬಜ್ಜಿಯ ಬಾಣಲೆಯಲ್ಲಿ, ನನ್ನ ಅಡುಗೆಮನೆಯ ಬಿಸ್ಕತ್ತು ಪೊಟ್ಟಣದಲ್ಲಿ, ಬಚ್ಚಲಿನ ಸೋಪಿನಲ್ಲಿ ಅದಿದೆ. ಪೊಟ್ಟಣದ ಹಿಂದಿನ ಸಣ್ಣಕ್ಷರ ಓದಿದರೆ ‘ಪಾಮ್’ ಎಂಬ ಮಾತು ಸಿಗುತ್ತದೆ. ತಾಳೆಯೇ ಪಾಪವಲ್ಲ, ಒಂದೇ ಎಕರೆಯಲ್ಲಿ ಅಷ್ಟು ಎಣ್ಣೆ ಕೊಡುವ ಬೆಳೆ ಇನ್ನೊಂದಿಲ್ಲ. ಯಾವ ನೆಲದಲ್ಲಿ ಬೆಳೆದರು ಎಂಬುದು ಮುಖ್ಯ. ಬೋರ್ನಿಯೋಕ್ಕೆ ಹೋಗದವರಿಗೂ ಇಲ್ಲಿ ಕೆಲಸವಿದೆ.

ಅಣ್ಣನ ಮಗಳಿಗೆ ಹೋಗಬೇಡ ಎನ್ನಲಿಲ್ಲ. ನಾಲ್ಕು ಪ್ರಶ್ನೆ ಬರೆದುಕೊಟ್ಟೆ. ಮರಿ ಎತ್ತಿಕೊಳ್ಳಲು ಬಿಡುತ್ತಾರಾ? ಬಿಡುತ್ತಾರೆಂದರೆ ಆ ಟೂರು ಬೇಡ. ನಿನ್ನ ಆರೋಗ್ಯದ ಪರೀಕ್ಷೆ ಕೇಳುತ್ತಾರಾ? ಕೇಳದಿದ್ದರೆ ಅನುಮಾನಪಡು. ನೀನು ಮಾಡುವ ಕೆಲಸದಿಂದ ಅಲ್ಲಿಯ ಊರವರ ಕೂಲಿ ತಪ್ಪುತ್ತದಾ, ಇಲ್ಲ ಅವರಿಗೆ ನಾಲ್ಕು ಕಾಸು ಸಿಗುತ್ತದಾ? ಕೊನೆಗೆ, ಸಾಕಿದ ಮರಿಗಳಲ್ಲಿ ಎಷ್ಟು ಕಾಡಿಗೆ ಹೋದವು? ಕೊನೆಯದಕ್ಕೆ ಉತ್ತರ ಕೊಡದ ಜಾಗ ಪ್ರಾಣಿ ಸಂಗ್ರಹಾಲಯ, ಹೆಸರು ಏನಿದ್ದರೂ.

ಅವಳು ಆ ಪ್ರಶ್ನೆಗಳನ್ನು ಟೂರಿನವರಿಗೆ ಕಳಿಸಿದ್ದಾಳೆ. ಅವರು ಏನು ಹೇಳಿದರೂ, ಅದಕ್ಕೂ ಮೊದಲು ಫೆಬ್ರವರಿಯ ಒಂದು ಭಾನುವಾರ ನನ್ನ ಜೊತೆ ಬೆಳ್ಳೂರಿಗೆ ಬರಬೇಕೆಂದು ಒಪ್ಪಿಸಿದ್ದೇನೆ. ನೀವೂ ಬನ್ನಿ. ಬೆಂಗಳೂರು–ಮೈಸೂರು ದಾರಿಯಲ್ಲಿ ಮದ್ದೂರಿಗಿಂತ ಮೊದಲು ಸಿಗುವ ರುದ್ರಾಕ್ಷಿಪುರದಲ್ಲಿ ತಿರುಗಿದರೆ ಹನ್ನೆರಡು ಕಿಲೋಮೀಟರ್. ಹಾರನ್ ಒತ್ತಬೇಡಿ, ಪಟಾಕಿ, ಡ್ರೋನು ಬೇಡ. ಟೀ ಊರಿನ ಅಂಗಡಿಯಲ್ಲೇ ಕುಡಿಯಿರಿ. ತಲೆಗೊಂದು ಟೋಪಿ ಇರಲಿ, ದುರ್ಬೀನು ಇದ್ದರೆ ತನ್ನಿ. ಮೀನು ಮಾತ್ರ ತರಬೇಡಿ.