ಮನೆ ಕಟ್ಟುವ ಲೈಸೆನ್ಸಿನಲ್ಲಿ ಮಳೆ ನೀರಿಗೂ ಒಂದು ಷರತ್ತು ಇರಲಿ



ಅಜ್ಜಂಪುರ, ತರೀಕೆರೆ, ಕಡೂರು ಕಡೆಯ ಯಾವ ಊರಿಗೆ ಹೋದರೂ ಒಂದಲ್ಲ ಒಂದು ಹೊಸ ಮನೆ ಏಳುತ್ತಿರುವುದು ಕಾಣುತ್ತದೆ. ಹಳೆ ಹೆಂಚಿನ ಮನೆ ಬಿಚ್ಚಿ ಆರ್.ಸಿ.ಸಿ. ಹಾಕುತ್ತಾರೆ. ಮಳೆ ಬಂದಾಗ ತಾರಸಿ ನೀರು ಪೈಪಿನಲ್ಲಿ ಇಳಿದು ಸೀದಾ ಚರಂಡಿಗೆ ಹೋಗುತ್ತದೆ. ಬೇಸಿಗೆ ಬಂದರೆ ಅದೇ ಮನೆಯ ಹೆಂಗಸು ಕೊಡ ಹಿಡಿದು ನಲ್ಲಿ ಮುಂದೆ, ಟ್ಯಾಂಕರ್ ಮುಂದೆ ನಿಲ್ಲುತ್ತಾಳೆ. ಬೋರ್‌ವೆಲ್ ಇನ್ನೂ ಆಳಕ್ಕೆ ಇಳಿಯುತ್ತದೆ. ಅದಕ್ಕೆ ಸಾಲ ಎಲ್ಲಿಂದ ಬರುತ್ತದೆ ಅಂತ ಸಂಘದವರಿಗೆ ಹೇಳಬೇಕಾಗಿಲ್ಲ.

"ಅವರವರ ಜಾಗ, ಅವರವರ ದುಡ್ಡು. ಹೀಗೇ ಕಟ್ಟಿ ಅಂತ ಹೇಳೋಕೆ ನಾವ್ಯಾರು?" ಎಂದು ಸಭೆಯಲ್ಲಿ ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಾವು ಒಬ್ಬೊಬ್ಬರಾಗಿ ಹೇಳೋಕೆ ಆಗಲ್ಲ. ಆದರೆ ನಾವೇ ವೋಟು ಹಾಕಿ ಆರಿಸಿದ ಪಂಚಾಯಿತಿ ಹೇಳಬಹುದು. ಆ ಅಧಿಕಾರ ಅದಕ್ಕೆ ಇದೆ. ಈ ಲೇಖನದಲ್ಲಿ ಅದನ್ನೇ ತಿಳಿದುಕೊಳ್ಳೋಣ.

ಅಧಿಕಾರ ಎಲ್ಲಿಂದ ಬಂತು?

ಸಂವಿಧಾನದ 73 ಮತ್ತು 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದವು. ಹಳ್ಳಿಯ ಪಂಚಾಯಿತಿಗೆ ಮತ್ತು ಪಟ್ಟಣದ ಸಂಸ್ಥೆಗೆ ಯಾವ ಯಾವ ಕೆಲಸ ವಹಿಸಬಹುದು ಎಂಬ ಪಟ್ಟಿ ಆಗ ಸಂವಿಧಾನದೊಳಗೇ ಸೇರಿತು. ಹಳ್ಳಿಯ ಪಟ್ಟಿಯಲ್ಲಿ ಗ್ರಾಮೀಣ ವಸತಿ, ನೀರಿನ ನಿರ್ವಹಣೆ, ಸೂರ್ಯಶಕ್ತಿಯಂಥ ಅಸಾಂಪ್ರದಾಯಿಕ ಇಂಧನ ಇವೆ. ಪಟ್ಟಣದ ಪಟ್ಟಿಯಲ್ಲಿ ಕಟ್ಟಡ ನಿಯಂತ್ರಣ ಮತ್ತು ಪರಿಸರ ರಕ್ಷಣೆ ಎರಡೂ ಇವೆ.

ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯಿದೆಯ 64ನೇ ಪ್ರಕರಣದ ಪ್ರಕಾರ ಹಳ್ಳಿಯಲ್ಲಿ ಮನೆ ಕಟ್ಟಲು ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಬೇಕು. ಇದನ್ನೇ ನಾವು 'ಲೈಸೆನ್ಸ್' ಅನ್ನುತ್ತೇವೆ. ಅಜ್ಜಂಪುರ ಪಟ್ಟಣ ಪಂಚಾಯಿತಿ, ತರೀಕೆರೆ, ಕಡೂರು, ಬೀರೂರು ಪುರಸಭೆಗಳಿಗೆ 1964ರ ಪೌರಸಭೆಗಳ ಕಾಯಿದೆ ಇಂಥದ್ದೇ ಅಧಿಕಾರ ಕೊಟ್ಟಿದೆ. ಅನುಮತಿ ಕೊಡುವವರು ಕಾನೂನಿನ ಮಿತಿಯಲ್ಲಿ ಷರತ್ತನ್ನೂ ಹಾಕಬಹುದು. ಎಲ್ಲರಿಗೂ ಅನ್ವಯಿಸುವ ಹಾಗೆ ಬರೆದಿಟ್ಟ ಸ್ಥಳೀಯ ನಿಯಮಕ್ಕೆ 'ಉಪವಿಧಿ' ಅಥವಾ ಬೈಲಾ ಎನ್ನುತ್ತಾರೆ. ನಮ್ಮ ಸಂಘಕ್ಕೂ ಬೈಲಾ ಇದೆಯಲ್ವಾ, ಹಾಗೆಯೇ ಊರಿಗೂ. ಕಟ್ಟಡಗಳ ವಿಷಯದಲ್ಲಿ ಗ್ರಾಮ ಪಂಚಾಯಿತಿಗಳಿಗಾಗಿ ರಾಜ್ಯ ಸರ್ಕಾರ 2015ರಲ್ಲಿ ಮಾದರಿ ಉಪವಿಧಿಗಳನ್ನೂ ರೂಪಿಸಿತು.

ಹಸಿರು ಕಟ್ಟಡ ಅಂದರೆ ಏನು?

ಹೆಸರು ಕೇಳಿ ಹೆದರಬೇಡಿ. ಗೋಡೆಗೆ ಹಸಿರು ಬಣ್ಣ ಬಳಿಯುವುದೂ ಅಲ್ಲ, ಪೇಟೆಯವರ ಗಾಜಿನ ಕಟ್ಟಡವೂ ಅಲ್ಲ. ನೀರು, ಕರೆಂಟು, ಸೌದೆ ಕಡಿಮೆ ಬೇಡುವ ಮನೆ, ಒಳಗೆ ಗಾಳಿ ಬೆಳಕು ಆಡುವ ಮನೆ ಹಸಿರು ಮನೆ. ನಮ್ಮ ಹಿರಿಯರ ಮಣ್ಣಿನ ಗೋಡೆಯ ಮನೆ ಬೇಸಿಗೆಯಲ್ಲಿ ತಂಪಾಗಿತ್ತು. ಈಗಿನ ತಗಡಿನ ಮಾಡಿನ ಕೆಳಗೆ ಮಧ್ಯಾಹ್ನ ಕೂತು ಹೂ ಕಟ್ಟೋಕೂ ಆಗಲ್ಲ.

ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ ಮಾಡುವ ಇಟ್ಟಿಗೆಯೂ ಇದೆ. ಇದನ್ನು ಸುಡಬೇಕಾಗಿಲ್ಲ, ನೀರುಣಿಸಿ ಹದ ಮಾಡಿದರೆ ಸಾಕು. ಗೂಡಿಗೆ ಹೋಗುವ ಸೌದೆ ಉಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ ಇದರ ಮೇಲೆ ಬಹಳ ಕೆಲಸ ಮಾಡಿದೆ. ಹೊಗೆ ಕಡಿಮೆ ಮಾಡುವ 'ಅಸ್ತ್ರ ಒಲೆ' ಬಂದದ್ದೂ ಅಲ್ಲಿಂದಲೇ.

ನಮ್ಮ ಕಡೆಗೆ ಮೊದಲು ಬೇಕಾದದ್ದು ಮಳೆ ನೀರು. ಲೆಕ್ಕ ಹಾಕಿ ನೋಡೋಣ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 20 ಅಡಿ, 30 ಅಡಿಯ ಮನೆಯ ಮಾಡು ಸುಮಾರು 55 ಚದರ ಮೀಟರ್. 25 ಮಿ.ಮೀ.ನ ಒಂದು ಒಳ್ಳೆ ಮಳೆಗೆ ಸುಮಾರು 1,375 ಲೀಟರ್ ಬೀಳುತ್ತದೆ. ಐದರಲ್ಲಿ ಒಂದು ಪಾಲು ಪೋಲಾಯಿತು ಅಂದುಕೊಂಡರೂ 1,100 ಲೀಟರ್ ಉಳಿಯಿತು. 15 ಲೀಟರಿನ ಕೊಡದಲ್ಲಿ ಎಪ್ಪತ್ತಕ್ಕೂ ಹೆಚ್ಚು ಕೊಡ! ವರ್ಷಕ್ಕೆ 600 ಮಿ.ಮೀ. ಮಳೆ ಎಂದು ಹಿಡಿದರೆ 26,000 ಲೀಟರ್ ದಾಟುತ್ತದೆ.

ಬೆಂಗಳೂರಿನಲ್ಲಿ ಏನಾಯಿತು?

ಬೆಂಗಳೂರಿನ ಜಲಮಂಡಳಿ ಕಾಯಿದೆಗೆ 2009ರಲ್ಲಿ ತಿದ್ದುಪಡಿ ಮಾಡಿ ಮಳೆ ನೀರು ಸಂಗ್ರಹವನ್ನು ಕಡ್ಡಾಯ ಮಾಡಲಾಯಿತು. 30x40 ಅಡಿ ಅಥವಾ ಅದಕ್ಕಿಂತ ದೊಡ್ಡ ನಿವೇಶನದಲ್ಲಿ ಹೊಸದಾಗಿ ಕಟ್ಟುವವರು, 40x60 ಅಡಿ ಅಥವಾ ಅದಕ್ಕಿಂತ ದೊಡ್ಡ ನಿವೇಶನದಲ್ಲಿ ಆಗಲೇ ಮನೆ ಇದ್ದವರು ವ್ಯವಸ್ಥೆ ಮಾಡಿಕೊಳ್ಳಬೇಕಾಯಿತು. ಮಾಡದವರ ನೀರಿನ ಬಿಲ್ಲಿಗೆ ದಂಡ ಸೇರಿಸುವುದು ಮುಂದೆ ಬಂತು. ಬಹಳ ಮನೆಗಳಲ್ಲಿ ವ್ಯವಸ್ಥೆ ಆಯಿತು. ಆದರೆ "ದಂಡ ಕಟ್ಟುತ್ತೇವೆ, ತೊಂದರೆ ಬೇಡ" ಎಂದು ಸುಮ್ಮನಾದ ಮನೆಗಳೂ ಸಾವಿರಾರು ಇವೆ. ದಂಡದ ಹಣದಿಂದ ಬೋರ್‌ವೆಲ್ ತುಂಬುವುದಿಲ್ಲ ಎಂಬುದು ಇಲ್ಲಿ ಕಲಿಯುವ ಪಾಠ.

ಹೊರದೇಶದ ಒಂದು ಉದಾಹರಣೆ. ಸ್ಪೇನ್ ದೇಶದ ಬಾರ್ಸಿಲೋನಾ ನಗರಸಭೆ 1999ರಲ್ಲಿ ತಾನೇ ಒಂದು ನಿಯಮ ಮಾಡಿತು: ಹೊಸ ಕಟ್ಟಡಗಳಲ್ಲಿ ಬಿಸಿನೀರಿನ ಶೇ. 60 ಭಾಗ ಸೂರ್ಯನ ಶಾಖದಿಂದ ಬರಬೇಕು. ಬೇರೆ ಊರುಗಳೂ ಇದನ್ನು ಅನುಸರಿಸಿದವು. 2006ರಲ್ಲಿ ಇಡೀ ದೇಶದ ಕಟ್ಟಡ ನಿಯಮದಲ್ಲೇ ಇಂಥ ಷರತ್ತು ಸೇರಿತು. ಒಂದು ಊರು ಶುರು ಮಾಡಿದ್ದು ದೇಶಕ್ಕೇ ದಾರಿಯಾಯಿತು.

ಪಂಚಾಯಿತಿಯ ಕೈ ಎಷ್ಟು ಉದ್ದ?

ಅಧಿಕಾರ ಇದೆ ಅಂದ ಮಾತ್ರಕ್ಕೆ ಮನಸ್ಸಿಗೆ ಬಂದದ್ದೆಲ್ಲ ಬರೆಯುವಂತಿಲ್ಲ.

1. ಉಪವಿಧಿ ರಾಜ್ಯದ ಕಾನೂನಿಗೆ ವಿರುದ್ಧವಾಗಿರಬಾರದು. ಕಾನೂನು ಹೇಳಿದ ಕ್ರಮದಲ್ಲೇ ಅದಕ್ಕೆ ಮಂಜೂರಾತಿ ಆಗಬೇಕು.

2. ಲೈಸೆನ್ಸಿನ ಷರತ್ತು ಹೊಸದಾಗಿ ಕಟ್ಟುವವರಿಗೆ, ಹಳೆ ಮನೆ ವಿಸ್ತರಿಸುವವರಿಗೆ ಮಾತ್ರ ತಾಗುತ್ತದೆ. ಬೆಂಗಳೂರಿನಲ್ಲಿ ಹಳೆ ಮನೆಗಳಿಗೂ ಅನ್ವಯಿಸಿದ್ದು ರಾಜ್ಯದ ಶಾಸನಸಭೆಯೇ ಕಾನೂನು ಮಾಡಿದ್ದರಿಂದ.

3. ಬರೆದರೆ ಸಾಲದು, ನೋಡುವವರು ಬೇಕು. ನಕ್ಷೆಯಲ್ಲಿ ಸಂಪು ತೋರಿಸಿ, ಲೈಸೆನ್ಸ್ ತಗೊಂಡು, ಕಟ್ಟುವಾಗ ಬಿಟ್ಟುಬಿಟ್ಟರೆ ಕೇಳುವವರಾರು?

ಬಡವರ ಮೇಲೆ ಭಾರ ಬೀಳಬಾರದು

ಇದು ಮುಖ್ಯ ಮಾತು. ಸರ್ಕಾರದ ಸಹಾಯಧನದಲ್ಲಿ, ಕಂತು ಬಂದ ಹಾಗೆ ಗೋಡೆ ಏರಿಸುವ ವಿಧವೆ ತಾಯಿಗೆ "ಸಂಪು ಇಲ್ಲದಿದ್ದರೆ ಲೈಸೆನ್ಸ್ ಇಲ್ಲ" ಅಂದರೆ ಅದು ಹಸಿರೂ ಅಲ್ಲ, ನ್ಯಾಯವೂ ಅಲ್ಲ. ಹಾಗಾಗಿ ನಿಯಮದಲ್ಲಿ ಮೆಟ್ಟಿಲು ಇರಬೇಕು. ಸಣ್ಣ ಮನೆಗೆ ಮಾಡಿನಂಚಿಗೆ ಒಂದು ದೋಣಿ, ಒಂದು ಡ್ರಮ್, ಹೆಚ್ಚಾದ ನೀರಿಗೆ ಇಂಗುಗುಂಡಿ ಸಾಕು. ದೊಡ್ಡ ಮನೆ, ಕಲ್ಯಾಣ ಮಂಟಪ, ಅಂಗಡಿ ಸಾಲು, ಗೋದಾಮುಗಳಿಗೆ ಸಂಪು ಮತ್ತು ಫಿಲ್ಟರ್ ಇರಲಿ. ಎಲ್ಲಕ್ಕಿಂತ ಮೊದಲು ಪಂಚಾಯಿತಿ ಕಟ್ಟಡ, ಶಾಲೆ, ಅಂಗನವಾಡಿ, ಸಮುದಾಯ ಭವನಗಳ ಮೇಲೆ ಮಾಡಿ ತೋರಿಸಲಿ. ನಮ್ಮ ಚರ್ಚು, ನಮ್ಮ ಸಂಸ್ಥೆಗಳ ಕಟ್ಟಡಗಳೂ ಈ ಮಾತಿಗೆ ಹೊರತಲ್ಲ.

ಸಂಘ ಏನು ಮಾಡಬಹುದು?

ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮ ಸಭೆ. ಗ್ರಾಮ ಸಭೆ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು. ಅಲ್ಲಿ ಶೇ. 30ರಷ್ಟಾದರೂ ಮಹಿಳೆಯರು ಇರಬೇಕೆಂದು ಕಾನೂನೇ ಹೇಳುತ್ತದೆ. ಸಹಿ ಹಾಕಿ ಬರುವುದಕ್ಕಷ್ಟೇ ಹೋಗಬೇಡಿ. ಒಂದು ವಾರ ಮುಂಚೆ ಪಿ.ಡಿ.ಓ. ಅವರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅರ್ಜಿ ಹೀಗಿರಬಹುದು:

"ನಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇನ್ನು ಮುಂದೆ ಕೊಡುವ ಕಟ್ಟಡ ಲೈಸೆನ್ಸಿನಲ್ಲಿ, ಕಟ್ಟಡದ ಅಳತೆಗೆ ತಕ್ಕಂತೆ ಮಳೆ ನೀರು ಸಂಗ್ರಹ ಅಥವಾ ಇಂಗುಗುಂಡಿಯ ಷರತ್ತು ಸೇರಿಸಬೇಕು. ಬಡ ಕುಟುಂಬಗಳಿಗೆ ರಿಯಾಯಿತಿ ಮತ್ತು ಸಹಾಯ ಇರಬೇಕು. ಪಂಚಾಯಿತಿಯ ಕಟ್ಟಡಗಳಲ್ಲಿ ಮೊದಲು ಜಾರಿ ಮಾಡಬೇಕು. ಈ ವಿಷಯವನ್ನು ಗ್ರಾಮ ಸಭೆಯ ಮುಂದಿಟ್ಟು ಠರಾವು ಮಾಡಬೇಕೆಂದು ಕೋರುತ್ತೇವೆ."

ಠರಾವು ಪುಸ್ತಕದಲ್ಲಿ ಬರೆದದ್ದನ್ನು ಅಲ್ಲೇ ಓದಿಸಿ ಕೇಳಿ. ಪಟ್ಟಣದಲ್ಲಿರುವ ಸಂಘಗಳು ವಾರ್ಡಿನ ಸದಸ್ಯರ ಮೂಲಕ ಮುಖ್ಯಾಧಿಕಾರಿಗೆ ಮನವಿ ಕೊಡಿ.

ಮನೆಯಲ್ಲಿ ನೆನಪಿರಲಿ: ಮೊದಲ ಮಳೆಯ ಕೊಳೆ ನೀರನ್ನು ಹೊರಕ್ಕೆ ಬಿಡಿ. ಜಲ್ಲಿ, ಇದ್ದಿಲು, ಮರಳಿನಲ್ಲಿ ಸೋಸಿ. ಸಂಪಿನ ಬಾಯಿಗೆ ಮುಚ್ಚಳ, ಪೈಪಿಗೆ ಜಾಲರಿ ಹಾಕಿ, ಸೊಳ್ಳೆ ಮೊಟ್ಟೆ ಇಡದ ಹಾಗೆ. ಕುಡಿಯುವುದಾದರೆ ಕುದಿಸಿ. ಕಲ್ನಾರು ಶೀಟಿನ ಮೇಲಿನ ನೀರು ಕುಡಿಯಲು ಬೇಡ.

ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ಬರೆದ 'ಲೌದಾತೋ ಸಿ' ಪತ್ರದಲ್ಲಿ ಈ ಭೂಮಿಯನ್ನು ನಮ್ಮೆಲ್ಲರ ಒಂದೇ ಮನೆ ಎಂದು ಕರೆದರು. ಯಾವ ಜಾತಿ, ಯಾವ ಧರ್ಮದವರಾದರೂ ಒಪ್ಪುವ ಮಾತು. ಆ ದೊಡ್ಡ ಮನೆಯ ಕಾಳಜಿಯನ್ನು ನಮ್ಮ ಸಣ್ಣ ಮನೆಯ ಮಾಡಿನಿಂದ ಶುರು ಮಾಡೋಣ.

ಸಂಘದ ಸಭೆಯಲ್ಲಿ ಚರ್ಚಿಸಿ:
1. ನಮ್ಮ ಬೀದಿಯಲ್ಲಿ ಎಷ್ಟು ಮನೆಗಳ ಮಾಡಿನ ನೀರು ಚರಂಡಿಗೆ ಹೋಗುತ್ತಿದೆ? ಎಣಿಸಿ ಬರೆದುಕೊಳ್ಳಿ.
2. ಕಳೆದ ಗ್ರಾಮ ಸಭೆಗೆ ನಮ್ಮ ಸಂಘದಿಂದ ಎಷ್ಟು ಜನ ಹೋಗಿದ್ದರು? ಎಷ್ಟು ಜನ ಮಾತಾಡಿದರು?
3. ಮುಂದಿನ ಸಭೆಗೆ ಅರ್ಜಿ ಬರೆಯುವವರು ಯಾರು, ಕೊಂಡೊಯ್ದು ಕೊಡುವವರು ಯಾರು?