ಹಕ್ಕಿಯ ಹಂಬಲವೂ ಮನೆಯವರ ಕಳವಳವೂ

ಹಕ್ಕಿಗಳನ್ನು ನೋಡುವುದು ನಿರ್ದೋಷವಾದ ವಿನೋದ. ಕೊರಳಿಗೊಂದು ದುರ್ಬೀನು, ಬಗಲಿಗೊಂದು ನೀರಿನ ಸೀಸೆ ಇದ್ದರೆ ಸಾಕು. ಬೆಳಗಿನ ಜಾವದ ಗಾಳಿಯೂ ಮನಸ್ಸಿನ ನೆಮ್ಮದಿಯೂ ಉಚಿತವಾಗಿ ದೊರೆಯುವುವು. ಅದರಲ್ಲಿಯೂ ಶಿವಮೊಗ್ಗೆಯ ಸೀಮೆಯವರು ಭಾಗ್ಯವಂತರು. ತೀರ್ಥಹಳ್ಳಿಯ ದಾರಿಯಲ್ಲಿ ಸುಮಾರು 30 ಕಿಲೋಮೀಟರು ಹೋದರೆ ಮಂಡಗದ್ದೆ. ಮಳೆಗಾಲದಲ್ಲಿ ಅಲ್ಲಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿಗಳೂ ನೀರುಕಾಗೆಗಳೂ ಗೂಡು ಕಟ್ಟುವುವು. ಸೊರಬದ ಕಡೆಗೆ ಹೋದರೆ ಗುಡವಿಯ ಕೆರೆಯುಂಟು. ಪಕ್ಷಿಶಾಸ್ತ್ರಜ್ಞರಾದ ಸಲೀಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದ ನಾಡು ನಮ್ಮದು. ಆದರೆ ಈ ವಿನೋದಕ್ಕೆ ಒಂಟಿತನ ಕೂಡಿದಾಗ ಅಪಾಯವೂ ಕೂಡಿಬರುವುದೆಂಬುದನ್ನು ನಾನು ಸ್ವಂತ ಅನುಭವದಿಂದ ಕಲಿತೆನು.

ಕೆಲವು ವರ್ಷಗಳ ಹಿಂದೆ, ಆಗಸ್ಟು ತಿಂಗಳಲ್ಲಿ ಒಂದು ಮುಂಜಾನೆ, ರವೀಂದ್ರನಗರದ ನಮ್ಮ ಮನೆಯಿಂದ ಹೊರಟೆನು. “ಮಂಡಗದ್ದೆಗೆ ಹೋಗಿ ಊಟದ ಹೊತ್ತಿಗೆ ಬರುವೆನು” ಎಂದು ಹೆಂಡತಿಗೆ ಹೇಳಿದ್ದೆನು. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ರೈತರೊಬ್ಬರು, ತಮ್ಮೂರಿನ ಅತ್ತಿಮರಕ್ಕೆ ಮಂಗಟ್ಟೆ ಹಕ್ಕಿಗಳು ಬರುತ್ತಿವೆಯೆಂದರು. ಆಸೆ ತಡೆಯಲಿಲ್ಲ, ಮಂಡಗದ್ದೆಗೆ ಮೊದಲೇ ಇಳಿದುಬಿಟ್ಟೆನು. ಗದ್ದೆಯ ಬದುವಿನ ಮೇಲೆ, ದುರ್ಬೀನನ್ನು ಕಣ್ಣಿಗಿಟ್ಟುಕೊಂಡೇ ಎರಡು ಹೆಜ್ಜೆ ನಡೆದೆನು. ಮೂರನೆಯ ಹೆಜ್ಜೆ ಹಳೆಯ ಕಾಲುವೆಯೊಳಕ್ಕೆ ಬಿತ್ತು. ಹರಡು ಉಳುಕಿ, ನಿಲ್ಲಲೂ ಆಗಲಿಲ್ಲ. ಮೊಬೈಲ್ ಫೋನಿಗೆ ಸಂಪರ್ಕವೇ ಇರಲಿಲ್ಲ. ಕೂಗಿದರೆ ಮಳೆಯ ಸದ್ದೇ ಉತ್ತರ.

ಇತ್ತ ಮಧ್ಯಾಹ್ನವಾದರೂ ನಾನು ಬಾರದಿರಲು, ಮಗನು ನೆರೆಯವರೊಡನೆ ಮಂಡಗದ್ದೆಗೆ ಧಾವಿಸಿದನು. ಹೊಳೆ ತುಂಬಿ ಹರಿಯುತ್ತಿತ್ತು. ಅವರು ದಡದುದ್ದಕ್ಕೂ ನನ್ನನ್ನು ಹುಡುಕಿದರು. ಯಾವ ಭಯದಿಂದ ಹುಡುಕಿದರೆಂಬುದನ್ನು ವಾಚಕರು ಊಹಿಸಬಲ್ಲರು. ನಾನು ಬಿದ್ದಿದ್ದ ಸ್ಥಳವು ಅವರು ಹೋದ ರಸ್ತೆಗೆ ಎರಡು ಫರ್ಲಾಂಗು ದೂರವಷ್ಟೆ! ಸಂಜೆ ನಾಲ್ಕಕ್ಕೆ ದನ ಕಾಯುವ ತಾಯಿಯೊಬ್ಬಳು ಕಂಡು, ಜನರನ್ನು ಕರೆತಂದು ರಸ್ತೆಗೆ ಸೇರಿಸಿದಳು. ಅಂದು ರಾತ್ರಿ ನನ್ನ ಹೆಂಡತಿ ಹೇಳಿದ್ದು ಒಂದೇ ಮಾತು: “ಕಾಲು ಮುರಿದರೆ ಕಟ್ಟಿಸೋಣ, ಇನ್ನೊಮ್ಮೆ ನಿಮ್ಮನ್ನು ಹೊಳೆಯಲ್ಲಿ ಹುಡುಕುವ ಹಾಗೆ ಮಾತ್ರ ಮಾಡಬೇಡಿ.”

ಅಂದಿನಿಂದ ನಮ್ಮಲ್ಲೊಂದು ನಿಯಮ. ಹೋಗುವ ಸ್ಥಳ, ಹಿಂದಿರುಗುವ ಹೊತ್ತು, ಯಾವ ಹೊತ್ತು ಮೀರಿದರೆ ಹುಡುಕಬೇಕು—ಈ ಮೂರನ್ನೂ ಚೀಟಿಯಲ್ಲಿ ಬರೆದು ಬಾಗಿಲ ಬಳಿ ಅಂಟಿಸುವುದು. ದಾರಿಯಲ್ಲಿ ಮನಸ್ಸು ಬದಲಾದರೆ, ಸಂಪರ್ಕವಿರುವಾಗಲೇ ತಿಳಿಸುವುದು. ತಿಳಿಸಲಾಗದಿದ್ದರೆ ಮೊದಲಿನ ದಾರಿಯನ್ನು ಬಿಡಕೂಡದು. ಮಾತು ಹೋಗದ ಕಡೆಯಲ್ಲಿಯೂ ಸಣ್ಣ ಸಂದೇಶವು ಒಮ್ಮೊಮ್ಮೆ ತಲುಪುವುದುಂಟು. ತುರ್ತಿಗೆ 112, ಆಂಬುಲೆನ್ಸಿಗೆ 108 ಎಂಬುದು ಬಾಯಿಪಾಠವಾಗಿರಲಿ.

ಎರಡನೆಯದಾಗಿ, ನಡೆಯುವಾಗ ನೆಲ, ನಿಂತಾಗ ಮರ. ದುರ್ಬೀನು ಕಣ್ಣಿಗೇರಿದಾಗ ಕಾಲು ಕದಲಕೂಡದು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಇವೆಲ್ಲ ಕೆಡುಕೇ. ಕಚ್ಚಿದ ಅಂಗವನ್ನು ಅಲುಗಿಸದೆ, ಪ್ರತಿವಿಷದ ಚಿಕಿತ್ಸೆಯುಳ್ಳ ಆಸ್ಪತ್ರೆಗೆ ಬೇಗನೆ ಸಾಗಿಸತಕ್ಕದ್ದು.

ಮೂರನೆಯದು ನಮ್ಮ ಜಿಲ್ಲೆಗೇ ಸಂಬಂಧಿಸಿದ ವಿಷಯ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉಣುಗಿನ ಕಡಿತದಿಂದ ಬರುವುದು. 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಅನೇಕರನ್ನು ಬಲಿ ತೆಗೆದುಕೊಂಡಿತು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಭಯ ಹೆಚ್ಚು. ಮೈತುಂಬ ಬಟ್ಟೆ ತೊಟ್ಟು, ಉಣುಗು ಹತ್ತದಂತೆ ಔಷಧತೈಲ ಸವರಿಕೊಂಡು, ತರಗೆಲೆಯ ಮೇಲೆ ಕೂರದೆ ಇರಬೇಕು. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಮೈಯನ್ನು ಪರೀಕ್ಷಿಸಿ ಸ್ನಾನಮಾಡತಕ್ಕದ್ದು. ಸತ್ತ ಮಂಗವನ್ನು ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಆಮೇಲೆ ಜ್ವರ ಬಂದರೆ, ಕಾಡಿಗೆ ಹೋಗಿದ್ದೆನೆಂದು ವೈದ್ಯರಿಗೆ ಹೇಳಲು ಮರೆಯಬಾರದು.

ಕೊನೆಯದಾಗಿ ಆನೆಯ ಮಾತು. ಶೆಟ್ಟಿಹಳ್ಳಿ, ಭದ್ರಾ ಮುಂತಾದ ಅಭಯಾರಣ್ಯಗಳಿಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗಕೂಡದೆಂಬುದು ಕಾನೂನು. ಅದು ನಮ್ಮ ಕ್ಷೇಮಕ್ಕೂ ಒಳ್ಳೆಯದು. ನಾಗರಹೊಳೆಯ ಹುಲಿ ರಕ್ಷಿತಾರಣ್ಯದ ನಿರ್ದೇಶಕರಾಗಿದ್ದ ಎಸ್. ಮಣಿಕಂದನ್ ಅವರು 2018ರ ಮಾರ್ಚಿ ತಿಂಗಳಲ್ಲಿ, ಕರ್ತವ್ಯದ ಮೇಲಿದ್ದಾಗಲೇ ಆನೆಯ ದಾಳಿಗೆ ತುತ್ತಾದರು. ಕಾಡನ್ನು ಬಲ್ಲವರ ಗತಿಯೇ ಹೀಗಾದರೆ ನಮ್ಮ ಧೈರ್ಯಕ್ಕೆ ಬೆಲೆಯೇನು? ಹಸಿ ಲದ್ದಿ, ಆಗತಾನೆ ಮುರಿದ ಬಿದಿರು ಕಂಡರೆ, ಎಂತಹ ಅಪೂರ್ವ ಹಕ್ಕಿಯಿದ್ದರೂ ಸದ್ದಿಲ್ಲದೆ ಬಂದ ದಾರಿಯಲ್ಲೇ ಹಿಂದಿರುಗುವುದು ವಿವೇಕ.

ಇಷ್ಟೆಲ್ಲ ಹೇಳಿದ್ದು ಮಕ್ಕಳನ್ನು ಮನೆಯಲ್ಲಿ ಕೂಡಿಹಾಕಿರೆಂದಲ್ಲ. ಹೋಗಲಿ, ನೋಡಲಿ, ಕಲಿಯಲಿ. ಜೊತೆಗೊಬ್ಬ ಗೆಳೆಯನಿದ್ದರೆ ಲೇಸು. ಇಲ್ಲವಾದರೆ ಬಾಗಿಲ ಬಳಿಯ ಚೀಟಿಯಾದರೂ ಇರಲಿ. ಹಕ್ಕಿ ಇಂದು ತಪ್ಪಿದರೆ ನಾಳೆ ಕಂಡೀತು. ಮನೆಯಲ್ಲಿ ಕಾದಿರುವವರಿಗೆ ನಾವು ಇಂದೇ ಬರಬೇಕು.