ಗೆರೆ ಕಂಡರೆ ಅಜ್ಜ ನಡೆಯುತ್ತಾರೆ

ಕಳೆದ ದಸರಾ ರಜೆಯಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋಗಿದ್ದೆವು. ಬಂಟ್ವಾಳದ ನಮ್ಮ ಮನೆಯ ಬಾಗಿಲು ದಾಟಲು ಐದು ನಿಮಿಷ ಬೇಕಾಗುವ ನಮ್ಮವರು, ಬಸದಿಯ ಮೆಟ್ಟಿಲನ್ನು ಸಲೀಸಾಗಿ ಹತ್ತಿದರು! ಆದರೆ ಮೇಲಿನ ಸಪಾಟು ನೆಲದಲ್ಲಿ ಮತ್ತೆ ನಿಂತುಬಿಟ್ಟರು. ಬೆಳ್ತಂಗಡಿಯಿಂದ ಬಂದಿದ್ದ ಮೊಮ್ಮಗ, "ಅಜ್ಜ ನಾಟಕ ಮಾಡ್ತಾರಾ ಅಜ್ಜಿ?" ಎಂದ. ಅದು ಅವರಿಗೂ ಕೇಳಿಸಿತು. ಮುಖ ಬಾಡಿತು.

ನಾಟಕವಲ್ಲ ಮಕ್ಕಳೇ. ಅಜ್ಜನಿಗಿರುವುದು ಪಾರ್ಕಿನ್ಸನ್ ಕಾಯಿಲೆ. 1817ರಲ್ಲಿ ಇದನ್ನು ವಿವರಿಸಿ ಬರೆದವರು ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಕಡಿಮೆಯಾದಾಗ ನಡಿಗೆ ನಿಧಾನವಾಗುತ್ತದೆ, ಹಲವರಿಗೆ ಕೈ ನಡುಗುತ್ತದೆ. ಕೆಲವರ ಪಾದ ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುತ್ತದೆ.

ಹಾಗಾದರೆ ಮೆಟ್ಟಿಲು ಹತ್ತಿದ್ದು ಹೇಗೆ? ಬಿ.ಸಿ. ರೋಡಿನ ಹೆದ್ದಾರಿಯಲ್ಲಿ ವಾಹನಗಳು ಸಿಕ್ಕಿಕೊಂಡರೆ ನಾವು ಒಳದಾರಿ ಹಿಡಿಯುವುದಿಲ್ಲವೇ? ಹಾಗೆಯೇ ಇದು. ಯೋಚಿಸದೆ ನಡೆಯುವ ದಾರಿ ಮಿದುಳಿನಲ್ಲಿ ಕಟ್ಟಿಕೊಂಡಾಗ, ಕಣ್ಣಿಗೆ ಕಾಣುವ ಮೆಟ್ಟಿಲು ಅಥವಾ ಕಿವಿಗೆ ಬೀಳುವ ತಾಳ 'ಇಲ್ಲಿ ಕಾಲಿಡು' ಎಂದು ಇನ್ನೊಂದು ದಾರಿ ತೋರಿಸುತ್ತದೆ.

ಈ ಗುಟ್ಟು ತಿಳಿದವರು ಮೈಮೇಲೆ ತೊಡುವ ಸಾಧನಗಳನ್ನೇ ಮಾಡಿದ್ದಾರೆ. ನೆದರ್‌ಲ್ಯಾಂಡ್ಸ್‌ನ ಸಂಶೋಧಕರ ಲೇಸರ್ ಶೂ ಅಂಥದ್ದೊಂದು. ಒಂದು ಕಾಲು ಊರಿದೊಡನೆ ಇನ್ನೊಂದು ಕಾಲಿನ ಮುಂದೆ ನೆಲದ ಮೇಲೆ ಬೆಳಕಿನ ಗೆರೆ ಬೀಳುತ್ತದೆ. ಆ ಗೆರೆ ದಾಟಿ ಹೆಜ್ಜೆ ಇಡಬೇಕು. 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಇದನ್ನು ತೊಟ್ಟಾಗ ಕಾಲು ಕಟ್ಟಿಹೋಗುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಮುಂಬಯಿಯ ಲೈಫ್‌ಸ್ಪಾರ್ಕ್ ಸಂಸ್ಥೆಯ 'ವಾಕ್' ಕಾಲಿಗೆ ಕಟ್ಟಿಕೊಳ್ಳುವ ಸಾಧನ. ಗೆರೆಯ ಬದಲು ಸಣ್ಣ ಕಂಪನದಿಂದ ಅದು ಹೆಜ್ಜೆಯ ಸೂಚನೆ ಕೊಡುತ್ತದೆ.

ಇವು ಕಾಯಿಲೆಯನ್ನು ಗುಣಪಡಿಸುವುದಿಲ್ಲ, ಎಲ್ಲರಿಗೂ ಒಗ್ಗುವುದೂ ಇಲ್ಲ. ವೈದ್ಯರನ್ನು ಕೇಳಿಯೇ ಕೊಳ್ಳಬೇಕು. ಮಾತ್ರೆಯನ್ನಂತೂ ಹೊತ್ತಿಗೆ ಸರಿಯಾಗಿ ನುಂಗಬೇಕು.

ಇದನ್ನೆಲ್ಲ ಕೇಳಿದ ಮೊಮ್ಮಗ ಮರುದಿನವೇ ಬಣ್ಣದ ಟೇಪು ತಂದ. ಚಾವಡಿಯಿಂದ ಬಾಗಿಲವರೆಗೆ ಹೆಜ್ಜೆಗೊಂದರಂತೆ ಅಡ್ಡಗೆರೆ ಅಂಟಿಸಿದ. ಕಾಲು ಕಟ್ಟಿದಾಗ ಕೈಹಿಡಿದು ಎಳೆಯಬಾರದು, ಎಳೆದರೆ ಬೀಳುತ್ತಾರೆ ಎಂದು ಹೇಳಿಕೊಟ್ಟೆ. ಅವನು ಪಕ್ಕದಲ್ಲಿ ನಿಂತು "ಒಂದು, ಎರಡು" ಎಂದು ಚಪ್ಪಾಳೆ ತಟ್ಟಿದ. ಅಜ್ಜ ಒಂದೊಂದೇ ಗೆರೆ ದಾಟುತ್ತಾ ಅಂಗಳಕ್ಕೆ ಬಂದರು.

ಈಗ ಪ್ರತಿ ಶನಿವಾರ ಸಂಜೆ ಬೆಳ್ತಂಗಡಿಗೆ ಫೋನು ಹೋಗುತ್ತದೆ: "ಗೆರೆ ಕಿತ್ತುಹೋಗಿದೆ ಮಾರಾಯ, ನಾಳೆ ಬಾ." ನಾನು ನೋಡಿದರೆ ಗೆರೆಯೆಲ್ಲ ಸರಿಯಾಗಿಯೇ ಇರುತ್ತದೆ!